ಪರೀಕ್ಷೆಗೆ ಮುಂಚಿನ ಊಟ

ಫೆಬ್ರವರಿ 9

ಅಮ್ಮಾ,

ಈ ಕಾಗದವನ್ನು ಪಕ್ಕದ ದರ್ಜಿ ಅಕ್ಕನ ವಿಳಾಸಕ್ಕೆ ಹಾಕುತ್ತಿದ್ದೇನೆ. ಬೇಕರಿಯ ವಿಳಾಸಕ್ಕೆ ಹಾಕಿದರೆ ಅಪ್ಪ ಒಡೆಯುತ್ತಾರೆ. ಫೋನ್ ಮಾಡೋಣವೆಂದರೆ ನಿನ್ನ ಮೊಬೈಲು ಕೇಕಿನ ಆರ್ಡರಿಗೆಂದು ಸದಾ ಅಪ್ಪನ ಜೇಬಿನಲ್ಲಿರುತ್ತದೆ. ಅದೂ ಅಲ್ಲದೆ ಫೋನಿನಲ್ಲಿ ನಾವಿಬ್ಬರೂ ಎರಡನೆಯ ಮಾತಿಗೇ ಜಗಳಕ್ಕಿಳಿಯುತ್ತೇವೆ. ಕಾಗದವಾದರೆ ನೀನು ಕೊನೆಯವರೆಗೂ ಓದಲೇಬೇಕು, ನಡುವೆ ಬಾಯಿ ಹಾಕುವ ಹಾಗಿಲ್ಲ.

ಮನೆ ಬಿಟ್ಟ ಮೇಲೆ ನಾನು ಬರೆಯುತ್ತಿರುವ ಮೊದಲ ಕಾಗದ ಇದು. ನನ್ನ ವಿಷಯಕ್ಕಲ್ಲ, ತಂಗಿಯ ವಿಷಯಕ್ಕೆ. ಭಾನುವಾರ ಕಡ್ಡಿ ದರ್ಜಿ ಅಕ್ಕನ ಫೋನಿನಿಂದ ಮಾತಾಡಿದಳು. ಪಾದದ ಮೂಳೆ ಮುರಿದಿದೆಯಂತೆ. "ಅಕ್ಕಾ, ನಾನು ಹಾರಿದ್ದೂ ಇಲ್ಲ, ಓಡಿದ್ದೂ ಇಲ್ಲ. ಕೊನೇ ಮೆಟ್ಲಿಂದ ಸುಮ್ನೆ ಕಾಲಿಟ್ಟೆ, ಲಟಕ್ ಅಂತು" ಎಂದು ನಗುತ್ತಾ ಹೇಳಿದಳು. ಹತ್ತನೇ ವಯಸ್ಸಿನಲ್ಲಿ ಹೊಲಿಸಿದ ಲಂಗ ಹದಿಮೂರಕ್ಕೂ ಸರಿಹೋಗುತ್ತಿದೆಯಂತೆ, ಅದನ್ನೂ ಉಳಿತಾಯ ಮಾಡಿದ ಹಾಗೆ ಹೇಳಿಕೊಂಡಳು. ಬಾಯಿಹುಣ್ಣು ಹೋಗುವುದೇ ಇಲ್ಲವಂತೆ. ಊಟವಾದ ಮೇಲೆ ಹೊಟ್ಟೆ ತಮಟೆಯ ಹಾಗೆ ಬಿಗಿದುಕೊಳ್ಳುತ್ತದಂತೆ.

ಇದನ್ನೆಲ್ಲ ನೀನು ಮೊದಲೇ ನೋಡಿದ್ದೀಯ. ನನ್ನಲ್ಲಿ ನೋಡಿದ್ದೀಯ. ಡಾಕ್ಟರು ನನಗೆ ಹೇಳಿದ್ದನ್ನೇ ಮತ್ತೆ ಬರೆಯುತ್ತೇನೆ: ಇದು ಸೀಲಿಯಾಕ್ ಕಾಯಿಲೆ. ಗೋಧಿ, ಮೈದಾ, ಇವುಗಳಿಗೆ ಜಿಗುಟು ಕೊಡುವ ಅಂಶ ಒಳಗೆ ಹೋದರೆ ನಮ್ಮ ಮೈಯೇ ನಮ್ಮ ಕರುಳಿನ ಮೇಲೆ ಬೀಳುತ್ತದೆ, ಒಳಪದರ ಸವೆಯುತ್ತದೆ, ತಿಂದದ್ದು ಮೈಗೆ ಹತ್ತುವುದಿಲ್ಲ. ನಮ್ಮಂಥವರಿಗೆ ಅದು ವಿಷ. ಒಂದೇ ಹೊಟ್ಟೆಯಲ್ಲಿ ಹುಟ್ಟಿದವರಿಗೆ ಬರುವ ಸಂಭವ ಹೆಚ್ಚು. ರಕ್ತ ಪರೀಕ್ಷೆಯಲ್ಲಿ ಗೊತ್ತಾಗುತ್ತದೆ. ಬೇಗ ಮಾಡಿಸು. ಪರೀಕ್ಷೆಯಾಗುವವರೆಗೆ ಅವಳ ಊಟ ಬದಲಾಯಿಸಬೇಡ, ಈಗ ತಿನ್ನುವುದನ್ನೇ ತಿನ್ನಲಿ.

ಇನ್ನೊಂದು ಮಾತು. ನಾನು ಸುಳ್ಳು ಹೇಳುತ್ತಿದ್ದೇನೋ ಇಲ್ಲವೋ ನೋಡಲು ನನ್ನ ಗಂಜಿಗೆ ಒಂದು ಚಮಚ ಮೈದಾ ಕದಡಿದೆಯಲ್ಲ, ಅಂಥದ್ದನ್ನು ಅವಳ ಮೇಲೆ ಮಾಡಬೇಡ.

ಇಷ್ಟೇ.
ದೊಡ್ಡವಳು


ಫೆಬ್ರವರಿ 27

ದೊಡ್ಡೋಳೇ,

ಕಾಗದ ತಲುಪಿತು. ದರ್ಜಿ ಅಕ್ಕ ಅದನ್ನು ನನ್ನ ರವಿಕೆಯ ಮಡಿಕೆಯಲ್ಲಿಟ್ಟು ಕೊಟ್ಟಳು, ನಾನೇನೋ ಪ್ರೇಮಪತ್ರ ತರಿಸಿಕೊಂಡ ಹಾಗೆ. ಈ ವಯಸ್ಸಿನಲ್ಲಿ ಇದೊಂದು ಬಾಕಿಯಿತ್ತು.

ಕಡ್ಡಿ ಚೆನ್ನಾಗಿದ್ದಾಳೆ. ಕಾಲಿಗೆ ಕಟ್ಟು ಹಾಕಿದ್ದಾರೆ, ಅದರ ಮೇಲೆ ಬೆಕ್ಕಿನ ಚಿತ್ರ ಬರೆದುಕೊಂಡಿದ್ದಾಳೆ. ಸಣ್ಣಗಿದ್ದಾಳೆ, ನಿಜ. ಆ ವಯಸ್ಸಿನಲ್ಲಿ ನಾನೂ ಕಡ್ಡಿಯೇ. ಈಗ ನೋಡು, ಓವನ್ನಿಗೂ ಗೋಡೆಗೂ ನಡುವೆ ಅಡ್ಡ ತಿರುಗಿ ಹೋಗಬೇಕು.

ನಿಮ್ಮಪ್ಪನ ಮುಂದೆ ನಿನ್ನ ಹೆಸರೆತ್ತದೆ ಪರೀಕ್ಷೆಯ ಮಾತು ತೆಗೆದೆ. ಹಿಟ್ಟು ಕಲಸುತ್ತಿದ್ದವರು ಕೈ ನಿಲ್ಲಿಸಿದರು. "ಇನ್ನೊಂದು ಡಾಕ್ಟರ್ ಚೀಟಿ ಈ ಮನೆಗೆ ಬರಬಾರ್ದು" ಅಂದರು. ನೀನು ಹೋದ ಮೇಲೆ ಬೀದಿಯಲ್ಲಿ ಏನು ನಡೆಯಿತೆಂದು ನಿನಗೆ ಗೊತ್ತಿಲ್ಲ. ಎತ್ತು ಈಯಿತು ಎಂದರೆ ಕೊಟ್ಟಿಗೆಯಲ್ಲಿ ಕಟ್ಟು ಎನ್ನುವ ಜನ. "ಬೇಕರಿಯವನ ಮಗಳಿಗೇ ಅವನ ಬ್ರೆಡ್ಡು ಆಗ್ಲಿಲ್ವಂತೆ, ಏನು ಬೆರೆಸ್ತಾನೋ" ಎಂದು ಶುರುವಾಯಿತು. ಶಾಲೆಯ ಕ್ಯಾಂಟೀನಿನವರು ಬನ್ನು ತೆಗೆದುಕೊಳ್ಳುವುದನ್ನು ಬಿಟ್ಟರು. ನಿಮ್ಮಪ್ಪನ ತಾತ ಇದೇ ಓವನ್ನಿನ ಮುಂದೆ ನಿಂತಿದ್ದವರು, ಅವರಪ್ಪನೂ. ಇವರಿಗೆ ಬೇರೆ ಕೆಲಸವೂ ಬಾರದು, ಬೇರೆ ಹೆಮ್ಮೆಯೂ ಇಲ್ಲ. ಅದನ್ನು ನೀನು ಅರ್ಥ ಮಾಡಿಕೊಳ್ಳುವುದಿಲ್ಲವೆಂದು ನನಗೆ ಗೊತ್ತು, ಆದರೂ ಬರೆದೆ.

ಅಲ್ಲಿ ಏನು ತಿನ್ನುತ್ತೀಯ? ಅದನ್ನು ಬರೆಯಲೇ ಇಲ್ಲ.

ನಿನ್ನ ಅಮ್ಮ


ಮಾರ್ಚ್ 16

ಅಮ್ಮಾ,

ಅನ್ನ, ಆಲೂಗಡ್ಡೆ, ಮೊಟ್ಟೆ, ಜೋಳ, ಹಣ್ಣು. ಕೇಳಿದೆಯಲ್ಲ, ಅದಕ್ಕೆ ಹೇಳಿದೆ. ಒಂದು ಬಾಣಲೆ, ಒಂದು ಸೌಟು, ಎರಡು ತಟ್ಟೆ, ಎಲ್ಲ ನನ್ನದೇ. ಯಾರಿಗೂ ಮುಟ್ಟಲು ಬಿಡುವುದಿಲ್ಲ.

ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವ ಕೆಲಸ. ಹಿಂದಿನ ಕೋಣೆಯಲ್ಲಿ ಯಂತ್ರ, ನೀರು, ಬಿಳಿ ಕೆಸರು. ಮೊದಲ ವಾರ ಆ ಬಿಳಿಯನ್ನು ಕಂಡರೂ ಕೈ ಹಿಂದಕ್ಕೆ ಬರುತ್ತಿತ್ತು, ನಮ್ಮ ಮನೆಯಲ್ಲಿ ಬಾಚಣಿಗೆಯ ಮೇಲೂ ಟವೆಲಿನ ಮೇಲೂ ಕೂರುತ್ತಿದ್ದ ಹಿಟ್ಟು ನೆನಪಾಗಿ. ಜೊತೆಯವರು ಒಳ್ಳೆಯವರು. ಯಾರದಾದರೂ ಹುಟ್ಟುಹಬ್ಬಕ್ಕೆ ಕೇಕ್ ಬಂದರೆ ಮೊದಮೊದಲು ನನ್ನನ್ನೂ ಕರೆಯುತ್ತಿದ್ದರು. ಬೇಡವೆಂದಾಗಲೆಲ್ಲ ಕಾರಣ ಹೇಳಬೇಕಿತ್ತು. ಈಗ ಕರೆಯುವುದಿಲ್ಲ, ಪಾಪ, ನನಗೆ ಮುಜುಗರವಾಗಬಾರದೆಂದು. ನಾನು ಯಂತ್ರದ ಕೋಣೆಯಲ್ಲಿ ಡಬ್ಬಿ ಬಿಚ್ಚಿ ತಿನ್ನುತ್ತೇನೆ. ಬೇಜಾರಿಲ್ಲ ಅಂತ ಬರೆಯಬೇಕೆಂದಿದ್ದೆ. ಬೇಜಾರಿದೆ.

ಆದರೆ ತೂಕ ಏರಿದೆ. ತಿಂಗಳು ತಿಂಗಳು ಸರಿಯಾಗಿ ಹೊರಗಾಗುತ್ತೇನೆ. ಕೂದಲು ಉದುರುವುದು ನಿಂತಿದೆ. ಕಡ್ಡಿಗೂ ಇದೆಲ್ಲ ಆಗಬಹುದು. ಚೀಟಿಯಿಂದ ಯಾರಿಗೂ ಕಾಯಿಲೆ ಬರುವುದಿಲ್ಲವೆಂದು ಅಪ್ಪನಿಗೆ ಹೇಳು. ಯಾವಾಗ ಕರೆದುಕೊಂಡು ಹೋಗುತ್ತೀಯ? ತಾರೀಖು ಬರಿ.

ದೊಡ್ಡವಳು


ಜುಲೈ 6

ದೊಡ್ಡೋಳೇ,

ಇಷ್ಟು ದಿನ ಬರೆಯಲಿಲ್ಲವೆಂದು ಸಿಟ್ಟಾಗಬೇಡ. ಒಳ್ಳೆಯ ಸುದ್ದಿಯ ಜೊತೆಗೇ ಬರೆಯೋಣವೆಂದು ಕಾದೆ. ಕಡ್ಡಿಯ ರಕ್ತ ಪರೀಕ್ಷೆಯಾಯಿತು. ಏನೂ ಇಲ್ಲ. ಡಾಕ್ಟರೇ ಕಾಗದದ ಮೇಲೆ ಬೆರಳಿಟ್ಟು ತೋರಿಸಿದರು. ನೀನು ಗಾಬರಿ ಹುಟ್ಟಿಸಿದ್ದಕ್ಕೆ ಗುಡ್ಡ ಅಗೆದು ಇಲಿ ಹಿಡಿದ ಹಾಗಾಯಿತು. ಇಲಿಯೂ ಸಿಗಲಿಲ್ಲ, ದೇವರು ದೊಡ್ಡವನು.

ನಾನು ನಿನ್ನ ಮಾತು ಕೇಳುವುದಿಲ್ಲವೆಂದು ನೀನು ತಿಳಿದಿದ್ದೀಯ. ಕೇಳಿ ಏನು ಮಾಡಿದೆ ಗೊತ್ತಾ? ನಿನ್ನ ಎರಡನೇ ಕಾಗದ ಬಂದ ವಾರವೇ, ಕಾಲು ಮಾಯಲಿ ಎಂಬ ನೆವ ಹೇಳಿ, ಕಡ್ಡಿಯನ್ನು ನಿನ್ನ ದೊಡ್ಡಮ್ಮನ ಮನೆಯಲ್ಲಿ ಬಿಟ್ಟುಬಂದೆ. ಗೋಧಿಯ ಒಂದು ಕಾಳೂ ಕೊಡಬೇಡವೆಂದು ಅಕ್ಕನ ಹತ್ತಿರ ಆಣೆ ಹಾಕಿಸಿಕೊಂಡೆ. ನಿಮ್ಮಪ್ಪನಿಗೆ ಹೇಳಲಿಲ್ಲ. ಜೂನ್ ಮಧ್ಯದವರೆಗೂ ಅಲ್ಲೇ ಇದ್ದಳು. ನೀನು ಬರೆದಿದ್ದೆಯಲ್ಲ, ಅನ್ನ, ಆಲೂಗಡ್ಡೆ, ಮೊಟ್ಟೆ, ಅಷ್ಟೇ. ಬರುವಾಗ ಕೆನ್ನೆ ತುಂಬಿಕೊಂಡಿತ್ತು. ಲಂಗ ಹಿಡಿಯುತ್ತಿರಲಿಲ್ಲ. ಅವಳನ್ನು ಕಂಡು ನಿಮ್ಮಪ್ಪನೇ ಗೆಲುವಾಗಿ, "ಬಾ, ಪರೀಕ್ಷೆ ಮಾಡಿಸಿಯೇ ಬಿಡೋಣ, ಬೀದಿಯೋರ ಬಾಯಿ ಮುಚ್ಲಿ" ಎಂದು ತಾವೇ ಕರೆದುಕೊಂಡು ಹೊರಟರು.

ಊಟ ಬದಲಾಯಿಸಬೇಡವೆಂದು ನೀನು ಬರೆದಿದ್ದೆ, ಮರೆತಿಲ್ಲ. ಒಂದೇ ಕಾಗದದಲ್ಲಿ ಅದು ವಿಷ ಅಂತಲೂ ಬರೆದು ಅದನ್ನೇ ಬಡಿಸು ಅಂತಲೂ ಬರೆದರೆ ಯಾವ ತಾಯಿಯ ಕೈ ಏಳುತ್ತದೆ? ಡಾಕ್ಟರು "ಏನಾದ್ರೂ ಪಥ್ಯ ಮಾಡಿಸಿದ್ರಾ?" ಅಂತ ಕೇಳಿದರು. ಪಕ್ಕದಲ್ಲಿ ನಿಮ್ಮಪ್ಪ ನಿಂತಿದ್ದರು. ಇಲ್ಲ ಅಂದೆ.

ವರದಿ ಬಂದ ದಿನ ನಿಮ್ಮಪ್ಪ ಒಂದು ಇಡೀ ಬ್ರೆಡ್ಡನ್ನು ಓವನ್ನಿನಿಂದ ತೆಗೆದು ಅವಳ ಮುಂದಿಟ್ಟರು. ಕಣ್ಣಲ್ಲಿ ನೀರಿತ್ತು. ಈಗ ದಿನಾ ಬೆಳಿಗ್ಗೆ ಶಾಲೆಗೆ ಮುಂಚೆ ಅವಳು ಅಂಗಡಿಯ ಮುಂದಿನ ಬೆಂಚಿನ ಮೇಲೆ ಕೂತು ಬನ್ನು ತಿನ್ನಬೇಕು, ಹೋಗಿಬರುವವರೆಲ್ಲ ನೋಡಬೇಕು. "ಯಾರ ಮಗಳು ಹೇಳಿ, ಯಾರ ಕೈ ಬನ್ನು ಹೇಳಿ" ಅಂತ ಇವರು ಗಿರಾಕಿಗಳನ್ನು ಕೇಳುತ್ತಾರೆ. ಅವಳೂ ನಗುತ್ತಾ ತಿನ್ನುತ್ತಾಳೆ. ಕ್ಯಾಂಟೀನಿನವರು ಮತ್ತೆ ಬಂದಿದ್ದಾರೆ.

ನೀನೂ ಇನ್ನೊಮ್ಮೆ ಪರೀಕ್ಷೆ ಮಾಡಿಸಿಕೊಳ್ಳಬಾರದೇಕೆ? ತಪ್ಪಿರಬಹುದು.

ನಿನ್ನ ಒಳಿತನ್ನೇ ಬಯಸುವ
ಅಮ್ಮ


ಜುಲೈ 11

ಅಮ್ಮಾ,

ನಿಧಾನವಾಗಿ ಓದು. ಎರಡು ಸಲ ಓದು.

ಆ ಪರೀಕ್ಷೆ ಕಾಯಿಲೆಯನ್ನು ನೇರವಾಗಿ ನೋಡುವುದಿಲ್ಲ. ಗೋಧಿಯ ವಿರುದ್ಧ ಮೈ ನಡೆಸುವ ಹೋರಾಟದ ಗುರುತನ್ನು ರಕ್ತದಲ್ಲಿ ಹುಡುಕುತ್ತದೆ. ತಿಂಗಳುಗಟ್ಟಲೆ ಗೋಧಿ ತಿನ್ನದಿದ್ದರೆ ಹೋರಾಟ ನಿಲ್ಲುತ್ತದೆ, ಗುರುತು ಅಳಿಸಿಹೋಗುತ್ತದೆ. ನೀನು ಬೆಂಕಿ ಆರಿಸಿ, ಆಮೇಲೆ ಹೊಗೆ ಇದೆಯೇ ನೋಡಿ ಎಂದು ಅವರನ್ನು ಕರೆದೆ. ಅದಕ್ಕೇ ಊಟ ಬದಲಾಯಿಸಬೇಡ ಎಂದಿದ್ದು.

ಅವಳು ಕೆನ್ನೆ ತುಂಬಿಕೊಂಡು ಬಂದದ್ದು ಯಾಕೆ, ಯೋಚನೆ ಮಾಡು. ಉತ್ತರ ಅವಳ ಮುಖದಲ್ಲೇ ಇತ್ತು, ನೀವು ಕಾಗದದಲ್ಲಿ ಹುಡುಕಿದಿರಿ.

ಡಾಕ್ಟರ ಹತ್ತಿರ ಮತ್ತೆ ಹೋಗು. ಅಪ್ಪನನ್ನು ಬಿಟ್ಟು ಹೋಗು. ನಿಜ ಹೇಳು.

ದೊಡ್ಡವಳು


ಜುಲೈ 29

ದೊಡ್ಡೋಳೇ,

ಹೋಗಿದ್ದೆ. ದರ್ಜಿ ಅಕ್ಕ ಜೊತೆಗೆ ಬಂದಳು. ನಿಜ ಹೇಳಿದೆ. ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಬೈದಿದ್ದರೆ ಚೆನ್ನಾಗಿತ್ತು.

ಮತ್ತೆ ಪರೀಕ್ಷೆ ಮಾಡಬೇಕೆಂದರೆ ಅವಳು ದಿನಾ ಗೋಧಿ ತಿಂದಿರಬೇಕಂತೆ, ಕಡಿಮೆಯೆಂದರೆ ಸೆಪ್ಟೆಂಬರ್ ಮುಗಿಯುವವರೆಗೆ. ದಿನಕ್ಕೆ ಎರಡು ತುಂಡು ಬ್ರೆಡ್ಡು. ಸುಮ್ಮನೆ ಬಿಡಿಸಿಬಿಟ್ಟರೆ ಆಗದೇ ಅಂದೆ. "ಅಮ್ಮಾ, ಜೀವನಪೂರ್ತಿಯ ಪಥ್ಯ ಇದು. ಹದಿಮೂರು ವರ್ಷದ ಮಗು ಅಂದಾಜಿನ ಮೇಲೆ ಪಾಲಿಸುತ್ತಾ? ಬೇರೇನಾದ್ರೂ ಇದ್ರೆ ಅದೂ ತಪ್ಪಿ ಹೋಗುತ್ತೆ. ತುಂಬಾ ಸುಸ್ತಾದ್ರೆ ಮಾತ್ರ ಕಾಯಬೇಡಿ, ತಕ್ಷಣ ಕರ್ಕೊಂಡ್ ಬನ್ನಿ" ಎಂದರು. ಅದಿಲ್ಲದೆಯೂ, ನಿಮ್ಮಪ್ಪನ ಕೈಯಲ್ಲಿ ಏನೂ ಇಲ್ಲ ಎನ್ನುವ ವರದಿ ಇದೆ. ಗೋಡೆಗೆ ಅಂಟಿಸಿಕೊಂಡಿದ್ದಾರೆ, ಬೆಲೆಪಟ್ಟಿಯ ಪಕ್ಕದಲ್ಲಿ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವರು, ಅವರ ಮುಂದೆ ಬರಿಮಾತಿನಲ್ಲಿ ನಿಲ್ಲಲು ನನ್ನಿಂದಾಗದು. ಇನ್ನೊಂದು ವರದಿಯೇ ಬೇಕು.

ಹಾಗಾಗಿ ತಿನ್ನಿಸುತ್ತಿದ್ದೇನೆ. ಬೆಳಿಗ್ಗೆಯ ಬನ್ನು ನಿಮ್ಮಪ್ಪ ಸಂತೋಷಕ್ಕೆ ಕೊಡುತ್ತಾರೆ. ಸಂಜೆಯ ಬ್ರೆಡ್ಡು ನಾನು ಗೊತ್ತಿದ್ದೂ ಕೊಡುತ್ತೇನೆ. ನಿನ್ನ ಕಾಗದ ಬರುವವರೆಗೆ ನಾನೂ ಅವರ ಹಾಗೇ ಇದ್ದೆ, ಅದು ಎಷ್ಟು ಸುಖವಾಗಿತ್ತು.

ಅಮ್ಮ


ಆಗಸ್ಟ್ 8

ಅಮ್ಮಾ,

ನಿಲ್ಲಿಸು. ಅವಳನ್ನು ಇಲ್ಲಿಗೆ ಕಳಿಸು. ನನಗೆ ಯಾವ ವರದಿಯೂ ಬೇಡ, ನನ್ನ ಬಾಣಲೆಯಲ್ಲೇ ಮಾಡಿ ಹಾಕುತ್ತೇನೆ. ನಾನು ಬಂದು ಕರೆದುಕೊಂಡು ಹೋಗುವಂತಿಲ್ಲ. ಅಲ್ಲಿಯ ಹಿಟ್ಟಿನ ಗಾಳಿಯನ್ನು ಒಂದು ದಿನ ಉಸಿರಾಡಿದರೂ ವಾರ ಮಲಗುತ್ತೇನೆ, ಇಬ್ಬರು ರೋಗಿಗಳಾಗುತ್ತೇವೆ.

ಡಾಕ್ಟರು ಹೇಳಿದ್ದು ಸರಿಯೇ ಇರಬಹುದು. ಆದರೂ ನಿಲ್ಲಿಸು ಎನ್ನುತ್ತಿದ್ದೇನೆ. ನಿಲ್ಲಿಸುವುದಿಲ್ಲವೆಂದರೆ ಅವಳಿಗಾದರೂ ಹೇಳು. ತಾನು ಯಾಕೆ ತಿನ್ನುತ್ತಿದ್ದೇನೆಂದು ಅವಳಿಗೆ ಗೊತ್ತಿರಲಿ. ಅವಳು ಮಗುವಲ್ಲ. ಗೊತ್ತಿಲ್ಲದೆ ತಿನ್ನುವುದು ಹೇಗಿರುತ್ತದೆಂದು ನನಗೆ ಗೊತ್ತು, ಅಮ್ಮ.

ದೊಡ್ಡವಳು


ಸೆಪ್ಟೆಂಬರ್ 5

ದೊಡ್ಡೋಳೇ,

ಅವಳಿಗೆ ಹೇಳಿಲ್ಲ. ಹೇಳಿದರೆ ತಿನ್ನುವುದನ್ನು ಬಿಡುತ್ತಾಳೆ. ಬಿಟ್ಟರೆ ಇಷ್ಟು ದಿನ ಪಟ್ಟದ್ದೆಲ್ಲ ನೀರಿನಲ್ಲಿ ಹೋಮ, ಮತ್ತೆ ಮೊದಲಿನಿಂದ ತಿನ್ನಿಸಬೇಕು. ಇನ್ನೊಂದು ಸಲ ನನ್ನಿಂದಾಗದು. ಅದಕ್ಕೇ ಹೇಳಲಿಲ್ಲ.

ದೊಡ್ಡಮ್ಮನ ಮನೆಯಿಂದ ತಂದ ಕೆನ್ನೆ ಕರಗಿಹೋಯಿತು. ಶಾಲೆಯಿಂದ ಬಂದವಳು ಮೆಟ್ಟಿಲ ಬುಡದಲ್ಲಿ ಕೂತು ಸುಧಾರಿಸಿಕೊಂಡು ಮೇಲೆ ಬರುತ್ತಾಳೆ. ಸಂಜೆ ತಟ್ಟೆ ಕಂಡರೆ ಮುಖ ತಿರುಗಿಸುತ್ತಾಳೆ. ಮೊದಲು ಪುಸಲಾಯಿಸಿದೆ. ಬ್ರೆಡ್ಡಿಗೆ ಜಾಮು ಸವರಿ ಕಣ್ಣು ಮೂಗು ಬರೆದೆ, ಚಿಕ್ಕಂದಿನಲ್ಲಿ ಮಾಡುತ್ತಿದ್ದ ಹಾಗೆ. "ನಾನೇನು ಪಾಪುನಾ ಅಮ್ಮಾ" ಎಂದು ನಕ್ಕು ತಿಂದಳು. ಆಮೇಲೆ ಅದೂ ನಡೆಯಲಿಲ್ಲ. ನಿನ್ನೆ ಬೈದೆ. "ತಿನ್ನು, ನಿನ್ ಒಳ್ಳೇದಕ್ಕೇ ಹೇಳ್ತಿರೋದು" ಅಂದೆ. ಅವಳು ನನ್ನ ಮುಖವನ್ನೇ ನೋಡುತ್ತಾ ಅಗಿದಳು. ನುಂಗುವವರೆಗೂ ನಾನು ಎದುರಿಗೆ ನಿಂತಿದ್ದೆ.

ಬೆಳಿಗ್ಗೆ ಬೆಂಚಿನ ಮೇಲೆ ಮಾತ್ರ ಒಂದು ದಿನವೂ ಬೇಡವೆನ್ನುವುದಿಲ್ಲ. ಮೊನ್ನೆ ಹಿಟ್ಟಿನ ಮೂಟೆಗಳನ್ನು ಸರಿಸಿ ಗುಡಿಸುವಾಗ ಹಿಂದಿನ ಮೂಲೆಯಲ್ಲಿ ಹಳೆಯ ಪತ್ರಿಕೆಗಳು ಮುದುರಿ ಬಿದ್ದಿದ್ದವು. ಬಿಚ್ಚಿದರೆ ವಾಂತಿ. ಬೆಂಚಿನಿಂದ ಎದ್ದು ಒಳಗೆ ಬಂದು, ಸದ್ದಾಗದ ಹಾಗೆ ಪೇಪರಿನಲ್ಲಿ ಮಾಡಿಕೊಂಡು, ಶಾಲೆಗೆ ಹೋಗುತ್ತಿದ್ದಾಳೆ. ಕೇಳಿದರೆ, "ಅಪ್ಪಂಗೆ ಹೇಳ್ಬೇಡಮ್ಮಾ. ಅಕ್ಕ ಹೋದ್ಮೇಲೆ ಅಪ್ಪ ನಗ್ತಾ ಇರೋದು ಈಗ್ಲೇ" ಅಂದಳು.

ಬಿಸಿತುಪ್ಪ ಬಾಯಲ್ಲಿಟ್ಟುಕೊಂಡಿದ್ದೇನೆ, ನುಂಗಲೂ ಆಗದು, ಉಗುಳಲೂ ಆಗದು. ಇನ್ನು ಕೆಲವೇ ವಾರ. ನನ್ನನ್ನು ಬೈದು ಬರಿ, ಪರವಾಗಿಲ್ಲ. ಬರೆಯದೆ ಮಾತ್ರ ಇರಬೇಡ.

ಅಮ್ಮ


ಅಕ್ಟೋಬರ್ 2

ದೊಡ್ಡೋಳೇ,

ಆಸ್ಪತ್ರೆಯ ವರಾಂಡದಲ್ಲಿ ಕೂತು ಬರೆಯುತ್ತಿದ್ದೇನೆ. ನಿನ್ನಿಂದ ಕಾಗದ ಬರಲಿಲ್ಲ, ಆದರೂ ಬರೆಯುತ್ತಿದ್ದೇನೆ.

ಪರೀಕ್ಷೆಯ ದಿನದವರೆಗೂ ಅವಳ ಮೈ ಕಾಯಲಿಲ್ಲ. ಬೆಂಚಿನಿಂದ ಏಳಲು ಹೋಗಿ ಅಲ್ಲೇ ಕುಸಿದಳು, ಗಿರಾಕಿಗಳ ಮುಂದೆಯೇ. ಕಾಲು ಊದಿಕೊಂಡಿದ್ದವು, ತುಟಿ ಒಣಗಿತ್ತು. ಇನ್ನೊಂದೆರಡು ದಿನ ತಡವಾಗಿದ್ದರೆ ಹೇಳಲಾಗುತ್ತಿರಲಿಲ್ಲ ಎಂದರು. ಸುಸ್ತಾದರೆ ಕಾಯಬೇಡಿ ಎಂದು ಡಾಕ್ಟರು ಮೊದಲೇ ಹೇಳಿದ್ದರು. ನಾನು ಕಾದೆ. ರಕ್ತ ತೆಗೆದರು, ಗಂಟಲಿನಿಂದ ಕೊಳವೆ ಬಿಟ್ಟು ಕರುಳನ್ನೂ ನೋಡಿದರು. ಅದೇ ಕಾಯಿಲೆ. ಅನುಮಾನವೇ ಇಲ್ಲ. ಮೂಳೆಗಳು ಈಗಾಗಲೇ ಟೊಳ್ಳಾಗಿವೆಯಂತೆ, ಎತ್ತರ ಇನ್ನು ಎಷ್ಟು ಬೆಳೆಯುತ್ತಾಳೋ ಹೇಳಲಾರೆವು ಎಂದರು.

ನಿಮ್ಮಪ್ಪ ವರದಿಯನ್ನು ಎರಡು ಕೈಯಲ್ಲಿ ಹಿಡಿದುಕೊಂಡು ನಿಂತರು. "ಹಂಗಾದ್ರೆ ದೊಡ್ಡೋಳದ್ದೂ ನಿಜಾನಾ?" ಎಂದು ಕೇಳಿದರು. ನಾನು ಹೂಂ ಅಂದೆ. ಸಂಜೆ ಹಿಟ್ಟು ಕಲಸಲು ವಾಪಸ್ಸು ಹೋದರು, ಬೇರೆಲ್ಲಿಗೆ ಹೋಗುತ್ತಾರೆ.

ಇದಲ್ಲ ನಾನು ಬರೆಯಬೇಕಾದದ್ದು. ಡಾಕ್ಟರು ಮಂಚದ ಪಕ್ಕದಲ್ಲೇ ನಿಂತು ನನಗೆ ಹೇಳಿದರು: "ತಿನ್ನಿಸೋದು ನಿಲ್ಲಿಸದೇ ಇದ್ದಿದ್ದಕ್ಕೆ ಈಗ ಸ್ಪಷ್ಟವಾಗಿದೆ. ಕಷ್ಟ ಆಗಿರಬೇಕು ನಿಮಗೆ." ಕಡ್ಡಿ ನಿದ್ದೆ ಮಾಡುತ್ತಿದ್ದಾಳೆಂದುಕೊಂಡಿದ್ದೆವು. ಅವರು ಹೋದ ಮೇಲೆ ಕಣ್ಣು ಬಿಟ್ಟಳು. "ನಿಂಗೆ ಗೊತ್ತಿತ್ತಾ?" ಅಂದಳು. ಗೊತ್ತಿತ್ತು ಅಂದೆ. "ಜಾಮಿನ ಬ್ರೆಡ್ ಕೊಟ್ಟಾಗ್ಲೂ?" ಅಂದಳು. ಆಗಲೂ ಗೊತ್ತಿತ್ತು ಅಂದೆ. ಯಾಕೆಂದು ಎಲ್ಲ ಬಿಡಿಸಿ ಹೇಳಿದೆ. ಪೂರ್ತಿ ಕೇಳಿಸಿಕೊಂಡಳು. ಅರ್ಥವೂ ಆಗಿದೆ, ಅದನ್ನು ಅವಳೇ ಹೇಳಿದಳು. "ಸರಿ ಅಮ್ಮಾ, ನಂಗೆ ಸಿಟ್ಟಿಲ್ಲ" ಅಂದಳು.

ಆದರೆ ಅಂದಿನಿಂದ ನನ್ನ ಕೈಯಿಂದ ಏನೂ ತಿನ್ನುವುದಿಲ್ಲ. ಹಟವಲ್ಲ, ಅವಳಿಂದ ಆಗುವುದಿಲ್ಲ. ಮೊಣಕೈವರೆಗೂ ಸೋಪು ಹಾಕಿ ತೊಳೆದು, ಹೊಸ ಪಾತ್ರೆಯಲ್ಲಿ, ದರ್ಜಿ ಅಕ್ಕನ ಮನೆಯಲ್ಲಿ ಅನ್ನ ಮಾಡಿ ತಂದೆ. ತುತ್ತು ಬಾಯಿಯ ಹತ್ತಿರ ಹೋಗುತ್ತಿದ್ದಂತೆ ಹಲ್ಲು ಕಚ್ಚಿಕೊಂಡಿತು. "ನಾನ್ ಬೇಕಂತ ಮಾಡ್ತಿಲ್ಲಮ್ಮಾ" ಎಂದು ಅತ್ತಳು. ಸಿಪ್ಪೆ ತೆಗೆಯದ ಹಣ್ಣು, ಮುಚ್ಚಳ ತೆರೆಯದ ನೀರು, ಇಷ್ಟೇ. ನರ್ಸು ಕೊಟ್ಟರೂ ಏನಿದೆ ಇದರಲ್ಲಿ ಎಂದು ಕೇಳುತ್ತಾಳೆ. ಡ್ರಿಪ್ಪಿನ ಮೇಲೆ ಎಷ್ಟು ದಿನ ಇಡುತ್ತಾರೆ?

ಬಿಡುಗಡೆಯಾದ ದಿನವೇ ದರ್ಜಿ ಅಕ್ಕ ಅವಳನ್ನು ನಿನ್ನ ಹತ್ತಿರ ಕರೆದುಕೊಂಡು ಬರುತ್ತಾಳೆ. ನಿಮ್ಮಪ್ಪ ಬೇಡವೆನ್ನಲಿಲ್ಲ. ಹೇಗಾದರೂ ಮಾಡಿ ತಿನ್ನಿಸು.

ಅಮ್ಮ


ಅಕ್ಟೋಬರ್ 15

ದೊಡ್ಡೋಳೇ,

ತಲುಪಿದಳೆಂದು ದರ್ಜಿ ಅಕ್ಕ ಹೇಳಿದಳು. ತಿಂದಳಾ? ಒಂದೇ ಸಾಲು ಬರೆದರೂ ಸಾಕು.

ನಾನು ಬಂದು ನೋಡಬಹುದಾ? ಹಿಟ್ಟಿನ ಮನೆಯ ಬಟ್ಟೆ ಉಡುವುದಿಲ್ಲ. ಹೊಸದು ಹೊಲಿಸಿ ದರ್ಜಿ ಅಕ್ಕನ ಹತ್ತಿರವೇ ಇಟ್ಟಿದ್ದೇನೆ, ಅಲ್ಲೇ ಸ್ನಾನ ಮಾಡಿ ಉಟ್ಟು ಹೊರಡುತ್ತೇನೆ. ಒಳಗೆ ಬರಬೇಡವೆಂದರೆ ಬಾಗಿಲಲ್ಲೇ ನಿಂತು ಹೋಗುತ್ತೇನೆ. ಅವಳನ್ನು ಕೇಳಿ ಬರಿ. ಬರಬೇಡವೆಂದರೆ ಬರಬೇಡವೆಂದೇ ಬರಿ.

ಅಮ್ಮ


ಅಕ್ಟೋಬರ್ 21

ಅಮ್ಮಾ,

ತಿಂದಳು. ಮೊದಲ ದಿನ ಇಲ್ಲ. ತಟ್ಟೆಯ ಮುಂದೆ ಕೂತು ಅನ್ನವನ್ನು ನೋಡುತ್ತಲೇ ಇದ್ದಳು. ಎರಡನೇ ದಿನ, "ಅಕ್ಕಾ, ನೀನು ಮೊದ್ಲು ತಿನ್ನು" ಅಂದಳು. ನಾನು ತಿಂದೆ. ನನಗೇನಾದರೂ ಆಗುತ್ತದೆಯೇ ಎಂದು ಕಾದಳು. ಅನ್ನ ಆರಿ ಗಟ್ಟಿಯಾಯಿತು. ಆಮೇಲೆ ನನ್ನ ತಟ್ಟೆಯನ್ನು ತನ್ನ ಕಡೆಗೆ ಎಳೆದುಕೊಂಡು, ನಾನು ಬಿಟ್ಟ ಜಾಗದಿಂದ ಶುರು ಮಾಡಿದಳು. ಈಗ ದಿನಾ ಹಾಗೇ. ನನಗೂ ಆ ಕಾಯಿಲೆ ಇರುವುದರಿಂದ ನನ್ನ ಎಂಜಲೇ ಅವಳಿಗೆ ಭರವಸೆ. ನನಗೆ ಕಾಯಿಲೆ ಬಂದದ್ದಕ್ಕೆ ಮೊದಲ ಬಾರಿ ಸಮಾಧಾನವಾಯಿತು, ಸಮಾಧಾನವಾದದ್ದಕ್ಕೆ ಅಳುವೂ ಬಂತು.

ಸೆಪ್ಟೆಂಬರಿನಲ್ಲಿ ನಾನು ಬರೆಯಲಿಲ್ಲ. ಬರೆಯಲು ಕೂತಾಗಲೆಲ್ಲ ನಿನ್ನ ಮೇಲೆ ಅಸಹ್ಯವಾಗುತ್ತಿತ್ತು. ಈಗ ಅದು ಹೋಗಿದೆ ಎಂದು ಸುಳ್ಳು ಹೇಳುವುದಿಲ್ಲ. ಆದರೆ ನಿನ್ನ ಜಾಗದಲ್ಲಿ ನಾನಿದ್ದಿದ್ದರೆ ಏನು ಮಾಡುತ್ತಿದ್ದೆ ಎಂದು ಕೇಳಿಕೊಂಡರೆ ಉತ್ತರ ಹೊಳೆಯುವುದಿಲ್ಲ.

ನಿನ್ನ ಕಾಗದವನ್ನು ಅವಳಿಗೆ ಓದಿ ಹೇಳಿದೆ. ಕಿಟಕಿಯ ಕಡೆ ತಿರುಗಿ ಕೂತು ಕೇಳಿದಳು. ಬರಲಿ ಅಂದಳು. ಬಾಗಿಲಲ್ಲಿ ನಿಲ್ಲುವುದು ಬೇಡ, ಒಳಗೇ ಬರಲಿ ಅಂದಳು. ಪಕ್ಕದಲ್ಲಿ ಮಲಗಿಕೊಳ್ಳಲಿ, ತಲೆ ಬಾಚಲಿ, ಎಷ್ಟು ದಿನ ಬೇಕಾದರೂ ಇರಲಿ ಅಂದಳು. ಕೊನೆಗೆ ಇನ್ನೊಂದು ಮಾತು ಸೇರಿಸಿದಳು, ಅದನ್ನು ಅವಳು ಹೇಳಿದ ಹಾಗೇ ಬರೆಯುತ್ತೇನೆ: "ತಿನ್ನೋಕೆ ಏನೂ ತರ್ಬಾರ್ದು ಅಂತ ಹೇಳು. ಏನಾದ್ರೂ ತಂದ್ರೆ ನಂಗೆ ಅಮ್ಮನ ಮುಖ ನೋಡೋಕಾಗಲ್ಲ."

ಮಕ್ಕಳಿರುವ ಮನೆಗೆ ಬರಿಗೈಯಲ್ಲಿ ಹೋಗಬಾರದೆನ್ನುವವಳು ನೀನು. ಒಂದು ಹಣ್ಣನ್ನೂ ತರಬೇಡ. ಬರಿಗೈಯಲ್ಲಿ ಬಾ, ಅಮ್ಮ.

ದಾರಿ ಕಾಯುತ್ತಿರುವ
ನಿನ್ನ ಇಬ್ಬರು ಮಕ್ಕಳು